ಬೇಕಲದ ಕೋಟೆಯೂ ಬಾಗಿಲಿಗೆ ಬರುವ ಅತಿಥಿಗಳೂ

ಕಾಸರಗೋಡಿನಿಂದ ಚಂದ್ರಗಿರಿ ಹೊಳೆಯನ್ನು ದಾಟಿ ತೆಂಕಣಕ್ಕೆ ಹೊರಟವರಿಗೆ ಸುಮಾರು 16 ಕಿಲೋಮೀಟರ್ ದೂರದಲ್ಲಿ, ಕಡಲಿಗೆ ಚಾಚಿದ ದಿಬ್ಬದ ಮೇಲೆ, ಬೇಕಲ ಕೋಟೆ ಎದುರಾಗುತ್ತದೆ. ಸುಮಾರು 40 ಎಕರೆಗಳಷ್ಟು ಹರಡಿರುವ ಈ ಮುರಕಲ್ಲಿನ ಕೋಟೆಯನ್ನು ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪನಾಯಕ. ಮುಂದೆ ಅದು ಹೈದರಾಲಿಯ, ಟಿಪ್ಪುವಿನ ವಶಕ್ಕೆ ಹೋಯಿತು. 1799ರ ಬಳಿಕ ಇಂಗ್ಲಿಷರ ಕೈಸೇರಿತು. ಒಳಹೋಗುವ ದಾರಿ ನೇರವಾಗಿಲ್ಲ. ಬಳಸಿ, ತಿರುಗಿ, ಮತ್ತೆ ಬಳಸಿ ನಡೆಯಬೇಕು. ಹೊರಗೋಡೆಯಲ್ಲಿ ಬಂದೂಕಿಗಾಗಿ ಕೊರೆದ ರಂಧ್ರಗಳಿವೆ. ಮೇಲಿನ ರಂಧ್ರ ದೂರದವನಿಗೆ, ನಡುವಿನದು ಸಮೀಪಿಸುತ್ತಿರುವವನಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಬಂದವನು ಯಾರೆಂದು ಮೂರು ಅಂತರಗಳಲ್ಲಿ ನೋಡಿಕೊಳ್ಳುವ ಏರ್ಪಾಡು ಅದು.

ಆ ಕೋಟೆಯನ್ನು ಕಾಯಲು ಘಟ್ಟದ ಮೇಲಿನಿಂದ ಇಳಿದು ಬಂದ ಸೈನಿಕರ ವಂಶದವರೆಂದು ಹೇಳಿಕೊಳ್ಳುವ ಕನ್ನಡ ಮಾತಿನ ಕುಟುಂಬಗಳು ಇಂದಿಗೂ ಬೇಕಲ, ಹೊಸದುರ್ಗಗಳ ಸುತ್ತ ಬಾಳುತ್ತಿವೆ. ಅವರ ಸುತ್ತಲಿನ ಊರು ಮಾತ್ರ ಬದಲಾಗಿದೆ. 1992ರಲ್ಲಿ ಕೇಂದ್ರ ಸರಕಾರ ಬೇಕಲವನ್ನು ವಿಶೇಷ ಪ್ರವಾಸೋದ್ಯಮ ಪ್ರದೇಶವೆಂದು ಘೋಷಿಸಿತು. 1995ರಲ್ಲಿ ತೆರೆಕಂಡ ಮಣಿರತ್ನಂ ಅವರ ‘ಬಾಂಬೆ’ ಚಿತ್ರದ ಹಾಡೊಂದು ಈ ಗೋಡೆಗಳನ್ನೂ ಕೆಳಗೆ ನೊರೆಯುಕ್ಕಿಸುವ ಅಲೆಗಳನ್ನೂ ದೇಶಕ್ಕೆಲ್ಲ ಪರಿಚಯಿಸಿತು. ಕಡಲ ತಡಿಯಲ್ಲಿ ದೊಡ್ಡ ವಿಹಾರಧಾಮಗಳು ಎದ್ದುವು. ಮಕ್ಕಳು ಕೊಲ್ಲಿ ನಾಡಿಗೋ ಬೆಂಗಳೂರಿಗೋ ಹೋಗಿ, ಕೋಣೆಗಳು ಖಾಲಿ ಉಳಿದ ಮನೆಗಳು ಹೋಂಸ್ಟೇಗಳಾದುವು. ಕೇರಳದ ನಿಯಮದಂತೆ ಹೋಂಸ್ಟೇ ನಡೆಸುವವರು ಅದೇ ಮನೆಯಲ್ಲಿ ವಾಸಿಸಬೇಕು; ಅತಿಥಿಗಳಿಗೆ ಆರಕ್ಕಿಂತ ಹೆಚ್ಚು ಕೋಣೆ ಕೊಡುವಂತಿಲ್ಲ. ಹೀಗಾಗಿ ಅತಿಥಿಯೆಂದರೆ ಇಲ್ಲಿ ಬರಿಯ ಗಿರಾಕಿಯಲ್ಲ. ಮನೆಯವರ ಅಡುಗೆಯನ್ನುಂಡು, ಮನೆಯವರ ಬಾವಿಯ ನೀರು ಕುಡಿಯುವವನು.

ಕೋಟೆಗೆ ಸಮೀಪದ ಅಂಥ ಒಂದು ಹೆಂಚಿನ ಮನೆಗೆ, ಬೇಸಿಗೆ ರಜೆಗೆ ಸ್ವಲ್ಪ ಮೊದಲು, ಒಂದು ಸಂಜೆ ಫೋನು ಬಂತು. ಮಾತು ಹಿಂದಿಯಲ್ಲಿತ್ತು. ತಾನು ಸೇನಾಧಿಕಾರಿಯೆಂದೂ, ಇತ್ತ ಕಡೆಗೆ ವರ್ಗವಾಗಿದೆಯೆಂದೂ, ಹೆಂಡತಿ ಮಕ್ಕಳಿಗಾಗಿ ಎರಡು ಕೋಣೆ ಮೂರು ದಿನಕ್ಕೆ ಬೇಕೆಂದೂ ಆತ ತಿಳಿಸಿದ. ಬಾಡಿಗೆ ಒಂಬತ್ತು ಸಾವಿರವೆಂದಾಗ ಚೌಕಾಸಿ ಮಾಡಲಿಲ್ಲ. ಸಮವಸ್ತ್ರದ ಭಾವಚಿತ್ರ, ಗುರುತಿನ ಚೀಟಿ ಎರಡೂ ಕೇಳದೆಯೇ ವಾಟ್ಸಾಪ್‌ನಲ್ಲಿ ಬಂದುವು. ಸೈನಿಕರ ವಂಶವೆಂಬ ಅಭಿಮಾನವಿದ್ದ ಮನೆಯೊಡತಿಗೆ ಸಂದೇಹ ಪಡುವುದೇ ಅಪಚಾರವೆನಿಸಿತು.

ಸೇನೆಯ ಹಣ ಬೇರೆಯ ಕ್ರಮದಲ್ಲಿ ಬರುತ್ತದೆ ಎಂದ ಆತ, ಮೊದಲು ಒಂದು ರೂಪಾಯಿ ಕಳುಹಿಸಲು ಹೇಳಿದ. ಕಳುಹಿಸಿದೊಡನೆ ಎರಡು ರೂಪಾಯಿ ಮರಳಿ ಬಂತು. ನಂಬಿಕೆ ಗಟ್ಟಿಯಾಯಿತು. ಬಳಿಕ ಒಂದು ಕ್ಯೂಆರ್ ಕೋಡ್ ಬಂತು. “ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಒಂಬತ್ತು ಸಾವಿರ ನಿಮ್ಮ ಖಾತೆಗೆ ಜಮೆಯಾಗುತ್ತದೆ, ಬೇಗ ಮಾಡಿ, ನನ್ನ ಮೇಲಧಿಕಾರಿ ಕಾಯುತ್ತಿದ್ದಾರೆ” ಎಂಬ ಒತ್ತಾಯ.

ಸ್ಕ್ಯಾನ್ ಮಾಡಿಕೊಡಲು ಫೋನು ಹಿಡಿದವಳು ಒಂಬತ್ತನೆಯ ತರಗತಿಯ ಮಗಳು. ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಿರುವ ಆ ಹುಡುಗಿ, ಅಮ್ಮನಿಗೆ ಅನುಕೂಲವಾಗಲೆಂದು ಪಾವತಿಯ ಆ್ಯಪ್‌ನ ಭಾಷೆಯನ್ನು ಹಿಂದಿನ ತಿಂಗಳಷ್ಟೇ ಕನ್ನಡಕ್ಕೆ ಬದಲಿಸಿದ್ದಳು. ತೆರೆಯ ಮೇಲೆ ಒಂಬತ್ತು ಸಾವಿರದ ಅಂಕೆಯ ಕೆಳಗೆ ‘ಪಾವತಿಸಿ’ ಎಂಬ ಪದವಿತ್ತು. ಅವಳು ಬೆರಳನ್ನು ಹಿಂದೆಗೆದು ಕೇಳಿದಳು: “ಅಮ್ಮಾ, ನಮಗೆ ಬರಬೇಕಾದ ಹಣಕ್ಕೆ ನಾವೇಕೆ ಪಾವತಿಸಬೇಕು?” ಅತ್ತಲಿನ ದನಿ ಮೊದಲು ಗದರಿತು, ಆಮೇಲೆ ಕಡಿದುಹೋಯಿತು. ಆ ಖಾತೆಯಲ್ಲಿದ್ದುದು ಮಳೆಗಾಲಕ್ಕೆ ಮೊದಲು ಮಾಡಿನ ಹೆಂಚು ಬದಲಿಸಲು ಕೂಡಿಟ್ಟ ಹಣ.

ಹುಡುಗಿಯ ಪ್ರಶ್ನೆಯಲ್ಲಿ ಇಡೀ ವಂಚನೆಯ ಕೀಲಿಕೈ ಇದೆ. ಯುಪಿಐ ವ್ಯವಸ್ಥೆಯಲ್ಲಿ ಪಿನ್ ಒತ್ತುವುದು ಹಣ ಕೊಡುವವನ ಕೆಲಸ. ಪಡೆಯುವವನು ಪಿನ್ ಒತ್ತಬೇಕಾಗಿಲ್ಲ, ಯಾರೋ ಕಳುಹಿಸಿದ ಕೋಡನ್ನು ಸ್ಕ್ಯಾನ್ ಮಾಡಬೇಕಾಗಿಯೂ ಇಲ್ಲ. ಅತಿಥಿಗೆ ನಿಜವಾಗಿ ಮುಂಗಡ ಕೊಡುವ ಮನಸ್ಸಿದ್ದರೆ ಮನೆಯವರ ಕೋಡನ್ನು ಆತನೇ ಸ್ಕ್ಯಾನ್ ಮಾಡುತ್ತಾನೆ. ಸೇನೆಯ ಹೆಸರು ಇಲ್ಲಿ ಬರಿಯ ವೇಷ; ಗೌರವಕ್ಕೆ ತಲೆಬಾಗುವವರನ್ನು ಹುಡುಕಿಯೇ ಆ ವೇಷ ತೊಡಲಾಗುತ್ತದೆ. ದೂರದಿಂದಲೇ ಗುರುತಿಸಬಹುದಾದ ಲಕ್ಷಣಗಳೂ ಇವೆ. ಕುಟುಂಬದೊಡನೆ ಬರುವವನು ಕಡಲು ಎಷ್ಟು ದೂರ, ಕಾರು ನಿಲ್ಲಿಸಲು ಜಾಗವಿದೆಯೆ, ಅಜ್ಜಿಗೆ ಮೆಟ್ಟಿಲು ಹತ್ತಬೇಕೆ, ಮಗುವಿಗೆ ಬಿಸಿನೀರು ಸಿಗುವುದೆ ಎಂದು ಕೇಳುತ್ತಾನೆ. ವಂಚಕನಿಗೆ ಮನೆಯ ಕುರಿತು ಕುತೂಹಲವಿಲ್ಲ, ಹಣದ ಕುರಿತು ಮಾತ್ರ ಅವಸರ.

ಎರಡನೆಯ ಅಂತರದಲ್ಲಿ, ಹಣ ಬಂದಿತೆಂಬ ಸುದ್ದಿಯ ಬಳಿ, ಬೇರೆ ಬಗೆಯ ಮೋಸ ಕಾದಿರುತ್ತದೆ. ಎರಡು ಸಾವಿರ ಮುಂಗಡದ ಬದಲು ಇಪ್ಪತ್ತು ಸಾವಿರ ಜಮೆಯಾಯಿತೆಂಬ ಸಂದೇಶ ಫೋನಿಗೆ ಬರುತ್ತದೆ. ಬೆನ್ನಿಗೇ ಅಳುದನಿಯ ಕರೆ: “ಸೊನ್ನೆಯೊಂದು ಹೆಚ್ಚಾಗಿಬಿಟ್ಟಿತು, ಮಗುವನ್ನು ಆಸ್ಪತ್ರೆಗೆ ಸೇರಿಸಿದ್ದೇವೆ, ಉಳಿದುದನ್ನು ಮರಳಿಸಿ.” ಆ ಸಂದೇಶ ಬ್ಯಾಂಕಿನ ಹೆಸರಿನಿಂದಲ್ಲ, ಹತ್ತಂಕೆಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಬಂದಿದ್ದರೆ ಅದು ಬ್ಯಾಂಕಿನದಲ್ಲ. ಸಂದೇಶವನ್ನಾಗಲಿ, ಪಾವತಿಯ ಚಿತ್ರವನ್ನಾಗಲಿ ನಂಬದೆ ಖಾತೆಯ ಉಳಿಕೆಯನ್ನೇ ತೆರೆದು ನೋಡುವುದೊಂದೇ ದಾರಿ. ಹೆಚ್ಚುವರಿ ಹಣ ನಿಜವಾಗಿಯೇ ಬಂದಿದ್ದರೂ ಕರೆ ಮಾಡಿದವನು ಹೇಳಿದ ಸಂಖ್ಯೆಗೆ ಕಳುಹಿಸದೆ, ಬ್ಯಾಂಕಿಗೆ ತಿಳಿಸಿ ಅದರ ಮೂಲಕವೇ ಮರಳಿಸುವುದು ಕ್ಷೇಮ. ಆ ಹಣ ಇನ್ನೊಬ್ಬ ಬಡಪಾಯಿಯಿಂದ ಕದ್ದದ್ದಿರಬಹುದು.

ಏರ್‌ಬಿಎನ್‌ಬಿಯಂಥ ಜಾಲತಾಣಗಳಲ್ಲಿ ಮನೆಯನ್ನು ನೋಂದಾಯಿಸಿದವರಿಗೆ ಇನ್ನೊಂದು ಗಾಳ ಬೀಳುತ್ತದೆ. ಅಲ್ಲಿ ಅತಿಥಿಯ ಹಣವನ್ನು ತಾಣವೇ ಪಡೆದಿಟ್ಟುಕೊಂಡು, ಅತಿಥಿ ಮನೆಗೆ ಬಂದ ಮೇಲೆ ಮನೆಯವರಿಗೆ ಸಲ್ಲಿಸುತ್ತದೆ. ಆದುದರಿಂದ “ಹೊರಗೆ ಮಾತಾಡೋಣ, ಕಮಿಷನ್ ಉಳಿಯುತ್ತದೆ” ಎಂಬ ಆಹ್ವಾನ ಆ ರಕ್ಷಣೆಯಿಂದ ಮನೆಯವರನ್ನು ಹೊರಗೆಳೆಯುವ ಉಪಾಯ. “ನಿಮ್ಮ ಖಾತೆ ರದ್ದಾಗಲಿದೆ, ಈ ಲಿಂಕ್ ಒತ್ತಿ” ಎಂಬ ಪತ್ರವೂ ಅದೇ ಜಾತಿಯದು. ಲಿಂಕ್ ತೆರೆದರೆ ಕಾಣುವುದು ತಾಣದಂತೆಯೇ ತೋರುವ ನಕಲಿ ಪುಟ. ಅಲ್ಲಿ ಗುಪ್ತಪದ ಬರೆದವರ ಖಾತೆ ಪರರ ಪಾಲು. ಕೆಲವೊಮ್ಮೆ ಮನೆಯ ಚಿತ್ರಗಳನ್ನೇ ಕದ್ದು ಬೇರೆ ಹೆಸರಲ್ಲಿ ಜಾಹೀರಾತು ಹಾಕಿ, ಮುಂಗಡ ನುಂಗಿದವರಿದ್ದಾರೆ. ಆಗ ಚೀಲ ಹೊತ್ತು ಬಾಗಿಲಿಗೆ ಬಂದ ಕುಟುಂಬಕ್ಕೂ, ಏನೂ ಅರಿಯದ ಮನೆಯವರಿಗೂ ಸಮಾನ ದುಃಖ.

ಮೂರನೆಯ ಅಂತರ ಹೊಸ್ತಿಲಿನದು. ಒಬ್ಬನ ಹೆಸರಿನಲ್ಲಿ ಕೋಣೆ ಗೊತ್ತುಮಾಡಿ ಇನ್ನೊಬ್ಬನು ಬರುವುದು, ಇಬ್ಬರೆಂದು ಹೇಳಿ ಎಂಟು ಮಂದಿ ಇಳಿಯುವುದು, ಗುರುತುಪತ್ರ ಕೇಳಿದರೆ ನಾಳೆ ಕೊಡುವೆವೆನ್ನುವುದು ಎಚ್ಚರಿಕೆಯ ಕುರುಹುಗಳು. ಬಂದವರೆಲ್ಲರ ಹೆಸರು, ವಿಳಾಸ, ಗುರುತುಪತ್ರದ ವಿವರವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುವುದು ಮರ್ಯಾದೆಗೇಡಲ್ಲ, ಕರ್ತವ್ಯ. ವಿದೇಶೀಯರು ತಂಗಿದರೆ 24 ಗಂಟೆಗಳೊಳಗೆ ಅವರ ವಿವರವನ್ನು ವಲಸೆ ಇಲಾಖೆಗೆ ಆನ್‌ಲೈನ್ ಮೂಲಕ ಸಲ್ಲಿಸಬೇಕು. ಅತಿಥಿಗಳ ಕಾಗದಪತ್ರ ಮನೆಯವರ ಬಳಿ ಇರುವ ಒಪ್ಪಿಗೆಯ ಒಡವೆ. ಕೊನೆಯ ನಾಲ್ಕು ಅಂಕೆಗಳಷ್ಟೇ ಕಾಣುವ ಆಧಾರ್ ಪ್ರತಿ ಸಾಕೆಂದು ಕೇಳುವ ಮನೆ ಅತಿಥಿಯ ವಿಶ್ವಾಸಕ್ಕೂ ಪಾತ್ರವಾಗುತ್ತದೆ.

ಇಷ್ಟೆಲ್ಲ ಎಚ್ಚರವಿದ್ದೂ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡುವುದು ಎರಡನೆಯ ನಷ್ಟ. 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಡಮಾಡದೆ ಕರೆಮಾಡಬೇಕು; ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ತಾಣದಲ್ಲಿಯೂ ದೂರು ಸಲ್ಲಿಸಬಹುದು. ಕದ್ದ ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಹಾರಿ ನಗದಾಗುವ ಮೊದಲೇ ಸುದ್ದಿ ಮುಟ್ಟಿದರೆ ಅದನ್ನು ತಡೆಹಿಡಿಯುವ ಅವಕಾಶವಿದೆ. ಕರೆಯ ಸಂಖ್ಯೆ, ಸಂದೇಶ, ವ್ಯವಹಾರದ ಗುರುತು ಸಂಖ್ಯೆ ಯಾವುದನ್ನೂ ಅಳಿಸಬಾರದು.

ಗಡಿನಾಡಿನ ಮನೆಗಳಿಗೆ ಇದರಲ್ಲೊಂದು ಬೇರೆಯ ಪಾಠವಿದೆ. ಇಲ್ಲಿ ಕಚೇರಿಯ ಕಾಗದ ಮಲೆಯಾಳದಲ್ಲಿ, ಬ್ಯಾಂಕಿನ ಸಂದೇಶ ಇಂಗ್ಲಿಷಿನಲ್ಲಿ, ಅಪರಿಚಿತನ ಕರೆ ಹಿಂದಿಯಲ್ಲಿ. ಅರ್ಧ ತಿಳಿದ ಭಾಷೆಯಲ್ಲಿ ಅವಸರಪಡಿಸಿದಾಗ ಮನುಷ್ಯ ಹೂಂಗುಟ್ಟಿಬಿಡುತ್ತಾನೆ. ವಂಚಕನಿಗೆ ಬೇಕಾದುದು ಆ ಹೂಂಕಾರವಷ್ಟೆ. ಕನ್ನಡ ಕಲಿತು ಏನು ಪ್ರಯೋಜನವೆಂದು ಪ್ರತಿವರ್ಷ ಶಾಲೆ ಸೇರಿಸುವ ಕಾಲದಲ್ಲಿ ಕೇಳಿಬರುವ ಪ್ರಶ್ನೆಗೆ ಆ ಹೆಂಚಿನ ಮನೆಯ ಹುಡುಗಿ ಉತ್ತರ ಹೇಳಲಿಲ್ಲ. ಒಂದು ಪದವನ್ನು ಅದರ ಪೂರ್ತಿ ಅರ್ಥದೊಡನೆ ಓದಿದಳು, ಅಷ್ಟೇ.

ಈಗ ಆ ಮನೆಯ ಫೋನಿನ ಪಕ್ಕದಲ್ಲಿ ಗೋಡೆಗೆ ಅಂಟಿಸಿದ ನೋಟುಬುಕ್ಕಿನ ಹಾಳೆಯೊಂದಿದೆ. ದುಂಡನೆಯ ಕನ್ನಡ ಅಕ್ಷರಗಳಲ್ಲಿ ಅದರ ಮೇಲೆ ಬರೆದಿರುವುದು ಮೂರೇ ಸಾಲು: ‘ಹಣ ಬರಲು ಪಿನ್ ಬೇಡ. ಖಾತೆ ನೋಡದೆ ಹೌದೆನ್ನಬೇಡ. ಅವಸರ ಮಾಡಿದರೆ ಫೋನು ಇಡು.’ ಮೊನ್ನೆಯ ರಜೆಯಲ್ಲಿ ಅಲ್ಲಿಗೆ ಬಂದಿಳಿದ ಮೈಸೂರಿನ ಕುಟುಂಬವೊಂದು ಗುರುತುಪತ್ರ ತೋರಿಸಿ, ಪುಸ್ತಕದಲ್ಲಿ ಸಹಿ ಮಾಡಿ, ಬಳಿಕ ಬಿಸಿ ನೀರುದೋಸೆಗೆ ಕುಳಿತಿತು. ಯಾರಿಗೂ ಅದು ಅಪಚಾರವೆನಿಸಲಿಲ್ಲ.