ಎರಡನೆಯ ನಾಮಕರಣ

ನನ್ನ ಮೊದಲನೆಯ ನಾಮಕರಣವು ನಾಯಕನಹಟ್ಟಿಯ ಒಳಮಠದ ಸನ್ನಿಧಿಯಲ್ಲಿ, ಹರಕೆಯ ಕೂಸಿಗೆ ಆ ಸ್ವಾಮಿಯ ಹೆಸರನ್ನು ಒಂದಕ್ಷರವೂ ಲೋಪವಾಗದಂತೆ ಇಡಬೇಕೆಂದು ಹಠ ಹಿಡಿದ ಅಜ್ಜಿಯ ಇಚ್ಛೆಯಂತೆ ನೆರವೇರಿ, ನಾನು ತಿಪ್ಪೇರುದ್ರಸ್ವಾಮಿಯಾದೆನು. ಎರಡನೆಯದು ನಡೆದುದು 1963ರಲ್ಲಿ, ಮಧ್ಯಪ್ರದೇಶದ ಸೈನಿಕ ಶಿಬಿರವೊಂದರ ಲಂಗರಿನ, ಎಂದರೆ ಅಡುಗೆಶಾಲೆಯ, ಮುಂದೆ, ತಟ್ಟೆ ಹಿಡಿದು ನಿಂತ ಸಾಲಿನಲ್ಲಿ. ಅದಕ್ಕೆ ಪುರೋಹಿತನಾದವನು ರೋಹತಕದ ಕಡೆಯ ಜಾಟ ಹವಾಲ್ದಾರನು. ಅಕ್ಷತೆಯಾಗಿ ಬಿದ್ದುದು ಸಾಲಿನವರೆಲ್ಲರ ನಗೆ.

ಸೇರಿದ ನಾಲ್ಕು ದಿನವೂ ಚಪಾತಿಯನ್ನೇ ಅಗಿದಗಿದು ದವಡೆ ಸೋತು, ಹೊಟ್ಟೆ ತುಂಬಿದರೂ ಊಟವಾಯಿತೆಂಬ ನೆಮ್ಮದಿ ಹುಟ್ಟದೆ ಬಾಡಿದ್ದ ನನ್ನ ಮುಖವನ್ನು ಕಂಡು, ‘ಏನು ಬೇಕಯ್ಯಾ ನಿನಗೆ?’ ಎಂದು ಅವನು ಹಿಂದಿಯಲ್ಲಿ ಕೇಳಲು, ನನಗೆ ಬರುತ್ತಿದ್ದ ಅರೆಪಾವು ಹಿಂದಿಯಲ್ಲಿ ‘ಮುದ್ದೆ ಚಾಹಿಯೇ, ಉಸ್ತಾದ್’ ಎಂದೆನು. ರಾಗಿಯನ್ನು ಕಂಡರಿಯದ ಆ ಪುಣ್ಯಾತ್ಮನ ಕಿವಿಗೆ ಅದು ‘ಮುರ್ದಾ’ ಎಂದು ಕೇಳಿಸಿತು. ಮುರ್ದಾ ಎಂದರೆ ಹೆಣ. ಊಟದ ಹೊತ್ತಿನಲ್ಲಿ ಹೆಣವನ್ನು ಬೇಡಿದ ಮದರಾಸಿಯ ವಾರ್ತೆಯು ಸಂಜೆಯೊಳಗೆ ಶಿಬಿರವನ್ನೆಲ್ಲ ವ್ಯಾಪಿಸಿತು. (ವಿಂಧ್ಯದಿಂದ ಈಚೆಗೆ ಹುಟ್ಟಿದವರೆಲ್ಲರೂ ಅಲ್ಲಿ ಮದರಾಸಿಗಳೇ, ಚಿತ್ರದುರ್ಗವು ಯಾವ ದಿಕ್ಕಿನಲ್ಲಿದೆಯೆಂದು ವಿವರಿಸುವ ಪ್ರಯತ್ನವನ್ನು ನಾನು ಎರಡೇ ವಾರದಲ್ಲಿ ಕೈಬಿಟ್ಟೆನು.) ಮರುದಿನ ಮುಂಜಾನೆಯ ಹಾಜರಿಯಲ್ಲಿ ‘ಮುರ್ದಾ!’ ಎಂಬ ಕೂಗಿಗೆ ‘ಹಾಜರ್, ಉಸ್ತಾದ್!’ ಎಂದು ಎದೆಯುಬ್ಬಿಸಿ ಉತ್ತರ ಕೊಟ್ಟವನು ನಾನೇ.

ಸೇನೆಯಲ್ಲಿ ಬರುವ ಅಡ್ಡಹೆಸರುಗಳೆಲ್ಲ ಶೌರ್ಯಕ್ಕೆ ಸಂದ ಬಿರುದುಗಳೆಂದು ಊರಿನವರು ಭಾವಿಸುತ್ತಾರೆ. ನಾನು ಕಂಡಂತೆ, ಅವುಗಳಲ್ಲಿ ಬಹುಪಾಲು ಹುಟ್ಟುವುದು ಹೆಸರುಳ್ಳವನ ಪರಾಕ್ರಮದಿಂದಲ್ಲ, ಕರೆಯುವವನ ನಾಲಗೆಯ ಸೋಲಿನಿಂದ. ಈ ವಿಷಯದಲ್ಲಿ ನನಗೆ ದೊಡ್ಡವರ ಸಹವಾಸವೂ ಉಂಟು. ಕೊಡಗಿನ ಕಾರ್ಯಪ್ಪನವರನ್ನೇ ನೋಡಿ: ಮನೆಯಲ್ಲಿ ಅವರು ‘ಚಿಮ್ಮ’. 1920ರ ದಶಕದಲ್ಲಿ ಫತೇಗಢದಲ್ಲಿದ್ದಾಗ ಆಂಗ್ಲ ಅಧಿಕಾರಿಯೊಬ್ಬನ ಪತ್ನಿಗೆ ‘ಕಾರ್ಯಪ್ಪ’ ಎಂಬ ಮೂರಕ್ಷರವು ಹೊರಳದೆ, ಆಕೆ ‘ಕಿಪ್ಪರ್’ ಎಂದು ಕರೆದಳಂತೆ. ಉಪ್ಪು ಹಚ್ಚಿ ಹೊಗೆಗಿಟ್ಟ ಮೀನಿಗೆ ಇಂಗ್ಲಿಷಿನಲ್ಲಿ ಆ ಹೆಸರು. 1949ರ ಜನವರಿ 15ರಂದು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾಗಿ ಅಧಿಕಾರ ವಹಿಸಿಕೊಂಡವರನ್ನು, ಮುಂದೆ ಫೀಲ್ಡ್ ಮಾರ್ಷಲ್ ಪದವಿಗೇರಿದವರನ್ನು, ಆ ಒಣಮೀನು ಕಡೆಯವರೆಗೂ ಬಿಡಲಿಲ್ಲ. ತಿಮ್ಮಯ್ಯನವರದು ಇನ್ನೂ ಸೊಗಸು. ಕೊಡೆಂದೇರ ಮನೆತನದ ಅವರ ಸ್ವಂತ ಹೆಸರು ಸುಬ್ಬಯ್ಯ. ತಿಮ್ಮಯ್ಯ ಎಂಬುದು ತಂದೆಯ ಹೆಸರು. ಪರಭಾಷೆಯವರು ಅದನ್ನೇ ಮಗನ ಹೆಸರೆಂದು ಹಿಡಿದು, ಕುಗ್ಗಿಸಿ, ‘ಟಿಮ್ಮಿ’ ಎಂದರು. 1948ರ ನವೆಂಬರಿನಲ್ಲಿ ಜೋಜಿ ಲಾ ಕಣಿವೆಯ ಹಿಮದ ಎತ್ತರಕ್ಕೆ ಟ್ಯಾಂಕುಗಳನ್ನೇರಿಸಿ ಲೋಕವನ್ನು ಬೆರಗುಗೊಳಿಸಿದ ಸೇನಾನಿಯನ್ನು ಜನರು ಮುದ್ದಿನಿಂದ ಕರೆದುದು, ಹೀಗೆ ನೋಡಿದರೆ, ಅವರ ಅಪ್ಪನ ಹೆಸರನ್ನು ಹಿಡಿದು.

ಈ ವಂಶಾವಳಿಯಲ್ಲಿ ನನಗೆ ಅತ್ಯಂತ ಪ್ರಿಯವಾದುದು ಮಾಣೆಕ್‌ಷಾ ಅವರ ಪ್ರಸಂಗ. ಸ್ಯಾಮ್ ಹೋರ್ಮುಸ್‌ಜಿ ಫ್ರಾಮ್‌ಜಿ ಜಮ್‌ಶೇಡ್‌ಜಿ ಮಾಣೆಕ್‌ಷಾ ಎಂಬ ಐದು ಹಂತದ ಹೆಸರಿನ ಆ ಪಾರಸಿ ಮಹನೀಯರು 1969ರಲ್ಲಿ ಸೇನಾ ಮುಖ್ಯಸ್ಥರಾದ ಬಳಿಕ, 8ನೆಯ ಗೂರ್ಖಾ ರೈಫಲ್ಸಿನ ಸಿಪಾಯಿಯೊಬ್ಬನನ್ನು ತಮ್ಮ ಹೆಸರೇನೆಂದು ಕೇಳಲು, ಅವನು ಕ್ಷಣವೂ ತಡವರಿಸದೆ ‘ಸ್ಯಾಮ್ ಬಹಾದುರ್’ ಎಂದನಂತೆ. ತನ್ನ ಜನರಲ್ಲಿ ಮನೆಮನೆಗೂ ಒಬ್ಬ ಬಹಾದುರನಿರುವಾಗ ದಂಡಿನ ದೊರೆಗೆ ಆ ಹೆಸರಿಲ್ಲದಿರುವುದುಂಟೇ! ಅಲ್ಲಿಯೂ ಸೋತುದು ನಾಲಗೆಯೇ. ಆದರೆ ಸೋತ ನಾಲಗೆ ಆ ಪಾರಸಿಯನ್ನು ತನ್ನ ಕುಲಕ್ಕೆ ಸೇರಿಸಿಕೊಂಡಿತು. ಬೆಂಗಳೂರಿನ ಹಲಸೂರಿನ ಕೆರೆಯ ಬಳಿ ನೆಲೆಯುಳ್ಳ, 1780ರಷ್ಟು ಹಳೆಯದಾದ ಮದರಾಸು ಸ್ಯಾಪರ್ಸ್ ದಳದವರನ್ನು ಎಲ್ಲರೂ ‘ತಂಬಿ’ ಎಂದು ಕರೆಯುವುದನ್ನು ಕೇಳುವಾಗಲೂ, ಕನ್ನಡಿಗ ತೆಲುಗ ಮಲಯಾಳಿಗಳನ್ನೆಲ್ಲ ತಮಿಳಿನ ಒಂದೇ ಮಾತು ತಮ್ಮಂದಿರನ್ನಾಗಿಸಿದುದನ್ನು ಕಂಡು ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುವುದುಂಟು. ಅವರು ತಮ್ಮಂದಿರಾದರು, ನಾನು ಹೆಣವಾದೆನು.

ತರಬೇತಿ ಮುಗಿಸಿ ನಾನು ಪಂಜಾಬಿನ ತುಕಡಿಯೊಂದಕ್ಕೆ ಹೋದರೆ, ವಿಧಿಯ ಚೇಷ್ಟೆಯೋ ಎಂಬಂತೆ, ಅದೇ ಹವಾಲ್ದಾರನು ಅಲ್ಲಿಗೆ ವರ್ಗವಾಗಿ ಬಂದಿದ್ದನು. ಹೆಸರು ನನಗಿಂತ ಮುಂಚೆಯೇ ಅಲ್ಲಿಗೆ ತಲುಪಿತ್ತು. ಮನೆಯಿಂದ ಬಂದ ಕಾಗದಗಳನ್ನು ಹಂಚುವಾಗ ಸಹ ಅವನು ವಿಳಾಸವನ್ನು ಓದುವ ಗೋಜಿಗೆ ಹೋಗದೆ, ಉದ್ದವಾದ ಹೆಸರು ಕಂಡೊಡನೆ ‘ಮುರ್ದಾ’ ಎಂದು ಎಸೆಯುತ್ತಿದ್ದನು.

1965ರ ಸೆಪ್ಟೆಂಬರ್ ಬಂದಿತು. ಆ ತಿಂಗಳ 7ರಂದೇ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಸರಗೋಧದ ದಾಳಿಗೆ ಹಾರಿ ಹಿಂದಿರುಗಲಿಲ್ಲವೆಂಬುದೂ, ತಮ್ಮ ಮಿಸ್ಟೇರ್ ವಿಮಾನದಿಂದ ಶತ್ರುವಿನ ಸ್ಟಾರ್‌ಫೈಟರನ್ನು ಕೆಡವಿಯೇ ಅವರು ಮಡಿದರೆಂಬುದೂ ನಮಗೆ ತಿಳಿದುದು ಎಷ್ಟೋ ವರ್ಷಗಳ ಮೇಲೆ, 1988ರಲ್ಲಿ ಮಹಾವೀರಚಕ್ರವು ಸಂದಾಗ. ಸಂಗಡಿಗರು ಅವರನ್ನು ‘ಟಬ್ಬಿ’ ಎನ್ನುತ್ತಿದ್ದರೆಂದು ಓದಿದಾಗ ನಾನು ಪತ್ರಿಕೆಯನ್ನು ಕೆಳಗಿಟ್ಟು ಬಹಳ ಹೊತ್ತು ಕುಳಿತಿದ್ದೆನು. ನಮ್ಮಲ್ಲಿ ಡುಮ್ಮಣ್ಣ ಎಂದಂತೆ ಅದು.

ನಮ್ಮ ಲಾರಿಗಳು ಗಡಿಯ ಕಡೆಗೆ ಹೊರಡುವ ರಾತ್ರಿ, ದೀಪವಿಲ್ಲದ ಮೈದಾನದಲ್ಲಿ ಹಾಜರಿ ನಡೆಯಿತು. ನನ್ನ ಸರದಿ ಬಂದಾಗ ಹವಾಲ್ದಾರನು ತಡೆದನು. ಎರಡು ವರ್ಷ ಒಂದೇ ಉಸಿರಿನಲ್ಲಿ ಕೂಗುತ್ತಿದ್ದ ಹೆಸರು ಅವನ ಬಾಯಿಗೆ ಬಂದು ಅಲ್ಲಿಯೇ ನಿಂತಿತು. ಟಾರ್ಚನ್ನು ಅಂಗೈಯಿಂದ ಮರೆಮಾಡಿ, ಪಟ್ಟಿಯನ್ನು ಕಣ್ಣಿನ ಬಳಿಗೆ ಒಯ್ದು, ಒಂದೊಂದೇ ಅಕ್ಷರವನ್ನು ಕಲ್ಲು ಕಿತ್ತಂತೆ ಕಿತ್ತು, ‘ತಿಪ್ಪೆ… ರುದ್ದರ್… ಸೋವಾಮೀ’ ಎಂದನು. ತಿಪ್ಪೆಯ ಬಳಿ ಅವನು ಅಷ್ಟು ಹೊತ್ತು ನಿಂತುದನ್ನು ಕೇಳಿ ನಗಲು ಅಲ್ಲಿ ನನ್ನ ಹೊರತು ಕನ್ನಡಿಗರಿರಲಿಲ್ಲ. ನನಗೆ ನಗೆ ಬರಲಿಲ್ಲ. ಯುದ್ಧವು ನಡೆದಷ್ಟು ದಿನವೂ ಅವನು ಹಾಗೆಯೇ, ದಿನಕ್ಕೊಂದು ಬಗೆಯಲ್ಲಿ ತಪ್ಪುತ್ತ, ಪೂರ್ತಿ ಹೆಸರನ್ನೇ ಹಿಡಿದು ನನ್ನನ್ನು ಕರೆದನು.

23ರ ಮುಂಜಾನೆ ಕದನವಿರಾಮದ ಸುದ್ದಿ ಬಂದಿತು. ಲಾರಿಯ ಗಾಲಿಗೆ ಒರಗಿ ಕುಳಿತಿದ್ದ ನನ್ನೆದುರಿಗೆ ಹವಾಲ್ದಾರನು ಹಬೆಯಾಡುವ ಮಗ್ಗೊಂದನ್ನು ಚಾಚಿ, ಹಲ್ಲು ಬಿಟ್ಟು, ‘ಲೇ ಮುರ್ದೇ, ಚಾಯ್ ಪೀ’ ಎಂದನು.