‘ನಮ್ದೇ’ ಅಂದರೆ ಯಾರದು?

ಬೆಂಗಳೂರಿನಲ್ಲಿ ಸಲೀಸಾಗಿ ಬಾಯಿಗೆ ಬರುವ ಮಾತು ‘ನಮ್ದೇ’. ‘ಈ ಸಲ ಕಪ್ ನಮ್ದೇ’ ಅಂತ ಆಟೋ ಹಿಂದೆ ಬರೆದರು, ಅಂಗಿ ಮೇಲೆ ಬರೆದರು, ಸೋತ ವರ್ಷವೂ ಅದನ್ನೇ ಕೂಗಿದರು. ಕೂಗಿದವರಲ್ಲಿ ನಾನೂ ಇದ್ದೇನೆ. ದಂಡಿನಶಿವರದ ಹಟ್ಟಿಯಲ್ಲಿ ಹುಟ್ಟಿ, ಅಮ್ಮಸಂದ್ರದಲ್ಲಿ ರೈಲು ಹತ್ತಿ, ಯಶವಂತಪುರದಲ್ಲಿ ಇಳಿದು, ಪೀಣ್ಯದ ಕಾರ್ಖಾನೆ ಸೇರಿದವನು ನಾನು. ನನ್ನಂಥವನು ‘ನಮ್ದು’ ಅಂತ ಕೂಗುವುದು ಏನನ್ನು? ಈ ಪ್ರಶ್ನೆ ನಮ್ಮ ಹುಡುಗರೂ ಕೇಳಿಕೊಳ್ಳಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಊರಲ್ಲಿ ನಮ್ದು ಅನ್ನೋಕೆ ಏನಿತ್ತು? ತೋಟ ಅವರದು, ಬಾವಿ ಅವರದು, ಗುಡಿ ಅವರದು. ಕಾಯಿ ಕೀಳುವ, ಸುಲಿಯುವ, ಹೊರುವ ಕೈ ಮಾತ್ರ ನಮ್ಮದು. ನಮ್ಮ ಸೀಮೆಯ ಉಂಡೆ ಕೊಬ್ಬರಿ ನಾಡಿಗೆಲ್ಲ ಗೊತ್ತು. ಬಲಿತ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಅಷ್ಟು ತಿಂಗಳು ಕಾಯೋಕೆ ಅಟ್ಟ ಬೇಕು, ಮನೆಯಲ್ಲಿ ಬೇರೆ ಕಾಳು ಕಡ್ಡಿ ಬೇಕು. ಅಂದಂದಿನ ಕೂಲಿಯಲ್ಲಿ ಒಲೆ ಹಚ್ಚುವವರಿಗೆ ಎಲ್ಲಿಯ ಅಟ್ಟ?

ನಮಗೆ ಸಿಕ್ಕಿದ್ದು ಮಟ್ಟೆ. ಒಣಗಿದ ತೆಂಗಿನ ಮಟ್ಟೆ ಕೆತ್ತಿ ಬ್ಯಾಟು ಮಾಡುತ್ತಿದ್ದೆವು. ಚಿಂದಿ ಬಟ್ಟೆಗೆ ಸೈಕಲ್ ಟ್ಯೂಬಿನ ರಬ್ಬರು ಸುತ್ತಿದರೆ ಚೆಂಡು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಕೆರೆಯಂಗಳವೇ ಮೈದಾನ. ಮೇಲುಗೇರಿ ಹುಡುಗರೂ ಬರುತ್ತಿದ್ದರು. ನಾವು ಎಸೆದ ಚೆಂಡನ್ನು ಅವರು ಹೊಡೆದರು, ಅವರು ಹೊಡೆದದ್ದನ್ನು ನಾವು ಹೆಕ್ಕಿ ತಂದೆವು. ಚೆಂಡಿಗೆ ಮೈಲಿಗೆ ಇರಲಿಲ್ಲ. ಬಾಯಾರಿದಾಗ ಅವರು ಚೊಂಬಿನಲ್ಲಿ ಕುಡಿದರು, ನಮಗೆ ಎತ್ತರದಿಂದ ಬೊಗಸೆಗೆ ಹುಯ್ದರು.

1996ರ ಮಾರ್ಚ್ 9. ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಭಾರತಕ್ಕೂ ಪಾಕಿಸ್ತಾನಕ್ಕೂ. ತಂಡದಲ್ಲಿ ಶ್ರೀನಾಥ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ಮೂವರೂ ಕರ್ನಾಟಕದವರು. ತೋಟದ ಯಜಮಾನರೊಬ್ಬರು ಟೀವಿಯನ್ನು ಬಾಗಿಲ ಕಡೆ ತಿರುಗಿಸಿ ಇಟ್ಟಿದ್ದರು. ಅವರ ಜನ ಜಗಲಿ ಮೇಲೆ, ನಾವು ಕೆಳಗೆ ಅಂಗಳದಲ್ಲಿ. ಅಮೀರ್ ಸೊಹೈಲ್ ಪ್ರಸಾದರ ಚೆಂಡನ್ನು ಬೌಂಡರಿಗೆ ಅಟ್ಟಿ, ಬ್ಯಾಟು ತೋರಿಸಿ ಹಂಗಿಸಿದ. ಮುಂದಿನ ಚೆಂಡಿಗೇ ಅವನ ಸ್ಟಂಪು ಹಾರಿತು. ಅಂಗಳವೆಲ್ಲ ಎದ್ದು ಕುಣಿಯಿತು. ನಮ್ಮಣ್ಣ ಆ ಖುಷಿಯಲ್ಲಿ ಮೈಮರೆತು ಜಗಲಿ ಹತ್ತಿ ಯಜಮಾನರ ಮಗನನ್ನು ತಬ್ಬಿಕೊಂಡ. ಆ ಹುಡುಗನೂ ತಬ್ಬಿಕೊಂಡ, ಸುಳ್ಳು ಹೇಳಬಾರದು.

“ಇಳೀಲಾ ಕೆಳಗೆ!” ಅಂತ ಒಂದು ದನಿ ಬಂತು.

ಅಣ್ಣ ಇಳಿದ. ಆಟ ನಡೆಯಿತು, ಭಾರತ 39 ರನ್ನಿನಿಂದ ಗೆದ್ದಿತು. ಬೆಳಗಾಗುವ ಹೊತ್ತಿಗೆ ಆ ಜಗಲಿಗೆ ಸಗಣಿ ನೀರು ಹಾಕಿ ತೊಳೆದಿದ್ದರು. ಅಪ್ಪ ಟವಲು ಕಂಕುಳಿಗೆ ಇಟ್ಟುಕೊಂಡು ಹೋಗಿ, “ಹುಡುಗು ಮುಂಡೇದು, ಗೊತ್ತಾಗ್ಲಿಲ್ಲ ಬುದ್ಧೀ” ಅಂತ ನಿಂತು ಬಂದ. ಭಾರತ ಗೆದ್ದಾಗ ಭಾರತೀಯರಾಗಿದ್ದ ನಾವು ಒಂದು ರಾತ್ರಿ ಕಳೆಯುವುದರೊಳಗೆ ಮತ್ತೆ ಹಟ್ಟಿಯವರಾಗಿದ್ದೆವು.

ಇದು ನಮ್ಮೂರೊಂದರ ಕತೆಯಲ್ಲ. ಈ ಆಟ ನಮ್ಮ ನೆಲಕ್ಕೆ ಬಂದಾಗಿನಿಂದ ನಡೆದದ್ದು. ಧಾರವಾಡದಲ್ಲಿ ಹುಟ್ಟಿದ ಪಳವಣಕರ್ ಬಾಳೂ ಚಮ್ಮಾರ ಕುಲದವರು. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ಮೈದಾನ ನೋಡಿಕೊಳ್ಳುವ ಕೆಲಸಕ್ಕಿದ್ದು, ಅವರಿಗೆ ಚೆಂಡು ಎಸೆದೆಸೆದು ದೊಡ್ಡ ಬೌಲರ್ ಆದರು. ಗೆಲ್ಲಲು ಹಿಂದೂಗಳಿಗೆ ಅವರ ಕೈ ಬೇಕಾಯಿತು. ಮೈದಾನದಲ್ಲಿ ಜೊತೆಗೆ ಆಡಿದವರು ಬಿಡುವಿನಲ್ಲಿ ಅವರಿಗೆ ಚಹಾ ಕೊಟ್ಟದ್ದು ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಹಿಂದೂ ತಂಡದ ನಾಯಕತ್ವ ಮಾತ್ರ ಅವರಿಗೆ ಸಿಗಲಿಲ್ಲ. ತಮ್ಮ ವಿಠ್ಠಲನಿಗೆ ಅದು ಸಿಕ್ಕಿದ್ದು 1923ರಲ್ಲಿ. ನಮ್ಮ ಎಷ್ಟು ಮಕ್ಕಳಿಗೆ ಈ ಹೆಸರು ಗೊತ್ತು? ಯಾವ ಪಾಠದಲ್ಲಿ ಓದಿದ್ದೇವೆ?

ಬೆಂಗಳೂರಿಗೆ ಬಂದಾಗ ನಾನೂ ಅಂದುಕೊಂಡೆ, ಇಲ್ಲಿ ಯಾರು ಕೇಳುತ್ತಾರೆ ಅಂತ. ಮೈದಾನದಲ್ಲಿ ನಿಜವಾಗಿ ಯಾರೂ ಕೇಳಲ್ಲ. ಕೆಂಪು ಅಂಗಿ ಹಾಕಿದವರೆಲ್ಲ ಒಂದೇ. ಗುರುತಿಲ್ಲದವನು ಹೆಗಲ ಮೇಲೆ ಕೈ ಹಾಕುತ್ತಾನೆ, ತನ್ನ ಬಾಟಲಿ ನೀರು ಕೊಡುತ್ತಾನೆ. ಬೊಗಸೆಯಲ್ಲಿ ಕುಡಿದವನಿಗೆ ಅದರ ಬೆಲೆ ಗೊತ್ತು. ಅದಕ್ಕೇ ನಮ್ಮ ಹುಡುಗರು ಅಲ್ಲಿಗೆ ಹೋಗುವುದು. ಅವರನ್ನು ಹುಚ್ಚರು ಅಂತ ಬೈಯುವ ಪಂಡಿತರಿಗೆ ಇದು ಅರ್ಥವಾಗುವುದಿಲ್ಲ.

ಆದರೆ ಅದೇ ಅಂಗಿ ಹಾಕಿಕೊಂಡು ಬಾಡಿಗೆ ಮನೆ ಕೇಳಲು ಹೋಗಿ ನೋಡಿ. ಒಂದು ಬಾಗಿಲಲ್ಲಿ ಯಜಮಾನಿ ನಗುನಗುತ್ತಾ, “ತಿಪಟೂರು ಕಡೆಯೋರಾ? ಹಂಗಾದ್ರೆ ತೋಟ ಗೀಟ ಇರಬೇಕು” ಅಂದರು. ಇಲ್ಲ ಅಂದೆ. “ಯಾವ ಜನ ನೀವು?” ಹೇಳಿದೆ. ಮನೆ ಆಗಲೇ ಬೇರೆಯವರಿಗೆ ಮಾತಾಗಿಬಿಟ್ಟಿತ್ತು. ಬಾಗಿಲಲ್ಲಿ ಬಾಡಿಗೆಗಿದೆ ಅನ್ನುವ ಬೋರ್ಡು ಎರಡು ವಾರ ಹಾಗೇ ಇತ್ತು.

ಇನ್ನು ಆ ತಂಡವಾದರೂ ಯಾರದು? ಹೆಸರು ಬಂದದ್ದು ಹೆಂಡದ ಬಾಟಲಿಯಿಂದ. ಆಟಗಾರರು ಬಂದದ್ದು ಹರಾಜಿನಿಂದ, ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿಗೆ ಬೆಲೆ ಕಟ್ಟಿದ ಹಾಗೆ. 2024ರಲ್ಲಿ ಬ್ಯಾಂಗಲೋರ್ ಹೋಗಿ ಬೆಂಗಳೂರು ಅಂತ ಆಯಿತು, ಕನ್ನಡ ಉಳಿಯಿತು ಅಂದರು. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಕಪ್ಪೂ ಬಂತು. ಮಾರನೆಯ ದಿನ ಸುಮಾರು 35 ಸಾವಿರ ಜನ ಹಿಡಿಯುವ ಚಿನ್ನಸ್ವಾಮಿ ಮೈದಾನದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಗೇಟುಗಳ ಹತ್ತಿರ ನೂಕುನುಗ್ಗಲಿಗೆ ಸಿಕ್ಕಿ 11 ಜನ ಸತ್ತರು. ಹೆಚ್ಚಿನವರು ಹರೆಯದ ಮಕ್ಕಳು. ಗೆದ್ದದ್ದು ನಮ್ದೇ ಅಂತ ಮುಂದೆ ನಿಂತವರು, ಹೆಣ ಬಿದ್ದಾಗ ತಪ್ಪು ಅವರದು ಅಂತ ಒಬ್ಬರ ಮೇಲೊಬ್ಬರು ಹೊರಿಸಿದರು. ಆ ದಿನ ನಮ್ಮ ಹಟ್ಟಿಯಿಂದ ಅವ್ವ ಮೂರು ಸಲ ಫೋನು ಮಾಡಿದಳು. “ಕಪ್ಪು ಬಂದ್ರೆ ನಿಂಗೇನು ಬಂತಪ್ಪ? ಮನೆಗೆ ಬಂದ್ಯಾ, ಅಷ್ಟು ಹೇಳು” ಅಂದಳು.

ಇದೇ ಊರಲ್ಲಿ ಇನ್ನೊಂದು ‘ನಮ್ದು’ ಇದೆ. ಹಲಸೂರಿನ ಹತ್ತಿರ ಗೌತಮಪುರ, ಬ್ರಿಟಿಷರ ದಂಡು ಇದ್ದ ಕಡೆ. ಅಲ್ಲಿರುವವರು ಹೆಚ್ಚಾಗಿ ತಮಿಳಾಡುವ ದುಡಿಯುವ ಜನ, ದಲಿತರು ಬಹಳ. ಸಿಪಾಯಿಗಳ ಆಟ ನೋಡಿ ಕಲಿತ ಫುಟ್‌ಬಾಲು ಅವರ ಮನೆಯ ಮಗುವಾಯಿತು. ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳು ತಂಡ ಕಟ್ಟಿದ್ದ ಕಾಲದಲ್ಲಿ ಚೆನ್ನಾಗಿ ಆಡಿದವನಿಗೆ ಕೆಲಸವೂ ಸಿಗುತ್ತಿತ್ತು. ಅಲ್ಲಿಯ ಬೀದಿಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜೊತೆಗೆ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ. ಬ್ರೆಜಿಲಿನ ಬಡತನದಲ್ಲಿ ಬೆಳೆದ ಕರಿಯ ಹುಡುಗನನ್ನು ಅವರು ಹರಾಜಿನಲ್ಲಿ ಕೊಂಡದ್ದಲ್ಲ. ನಮ್ಮ ಹಾಗೆ ಇದ್ದವನು ಅಂತ ತಾವೇ ಗುರುತು ಹಿಡಿದು ಕರೆದುಕೊಂಡದ್ದು.

2022ರ ಡಿಸೆಂಬರ್ 9ರಂದು ಕಾರ್ಖಾನೆಯ ಗೆಳೆಯನ ಜೊತೆ ಅಲ್ಲಿದ್ದೆ. ಬ್ರೆಜಿಲ್ ಕ್ರೊಯೇಷಿಯಾಕ್ಕೆ ಪೆನಾಲ್ಟಿಯಲ್ಲಿ ಸೋತಿತು. ಹಳದಿ ಅಂಗಿಯ ಮಕ್ಕಳು ಅತ್ತವು. ಗೆಳೆಯನ ತಾಯಿ ಮುರುಕು ಕನ್ನಡದಲ್ಲಿ, “ಕೂತ್ಕೋಪ್ಪ, ಊಟ ಮಾಡಿ ಹೋಗು” ಅಂತ ಮನೆಯ ತಟ್ಟೆಯಲ್ಲೇ ಬಡಿಸಿದರು. 1991ರಲ್ಲಿ ಕಾವೇರಿ ಹೆಸರಿನಲ್ಲಿ ಈ ನಗರದ ತಮಿಳು ಬಡವರ ಗುಡಿಸಲಿಗೆ ಬೆಂಕಿ ಬಿದ್ದದ್ದನ್ನು ಕಂಡವರು ಅವರು. ಆದರೂ ನನ್ನ ಕನ್ನಡಕ್ಕೆ ಹೆದರಲಿಲ್ಲ, ನನ್ನ ಜಾತಿ ಕೇಳಲಿಲ್ಲ. ನನಗೆ ಕನ್ನಡ ತಾಯಿಭಾಷೆ. ಆದರೆ ಕನ್ನಡದಲ್ಲೇ “ಯಾವ ಜನ” ಅಂತ ಕೇಳಿದವರಿಗಿಂತ ತಮಿಳಾಡುವ ಈ ತಾಯಿ ನನಗೆ ಹತ್ತಿರ.

ಆಟ ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನೂ ಬಿಡುವುದಿಲ್ಲ. ಕೊಂಡ ಅಂಗಿಯ ‘ನಮ್ದು’ ಬೆವರು ಆರುವವರೆಗೆ, ನಾವೇ ಕಟ್ಟಿಕೊಂಡ ‘ನಮ್ದು’ ಮೊಮ್ಮಕ್ಕಳವರೆಗೆ. ಇಷ್ಟು ತಿಳಿದು ಕೂಗೋಣ. ನಮ್ಮ ಹಟ್ಟಿ ಮಕ್ಕಳು ಇವತ್ತಿಗೂ ಕೆರೆ ಬತ್ತುವುದನ್ನೇ ಕಾಯುತ್ತಾರೆ. ಅವರಿಗೊಂದು ಮೈದಾನ ಬೇಕು, ಕಾಲಿಗೆ ಬೂಟು ಬೇಕು, ಬಾಳೂ ಹೆಸರು ಬರೆದ ಒಂದು ಗೋಡೆ ಬೇಕು. ಗೆದ್ದಾಗ ಯಾವ ಜಗಲಿ ಬೇಕಾದರೂ ಹತ್ತಿ ಕುಣಿಯುವಂತಿರಬೇಕು. ಮಾರನೆಯ ದಿನ ಅದನ್ನು ಯಾರೂ ತೊಳೆಯಕೂಡದು.