ಚರ್ಚ್ ಸ್ಟ್ರೀಟಿನಲ್ಲಿ ಮೂರು ಪುಸ್ತಕ

“ಬೆಂಗಳೂರಿಗೆ ಹೋಗ್ತಿರೋದು ಮದುವೆ ಜವಳಿಗೋ, ಪುಸ್ತಕಕ್ಕೋ?” ಎಂದು ನಮ್ಮವರು ತಿಪಟೂರು ಸ್ಟೇಷನ್ನಿನಲ್ಲಿ ನಗುತ್ತಾ ಕೇಳಿದರು. ಎರಡಕ್ಕೂ ಎಂದೆ. ಯಾವ ಪುಸ್ತಕ ಅಂತ ಅವರು ಕೇಳಲಿಲ್ಲ, ನಾನು ಹೇಳಲೂ ಇಲ್ಲ.

ಮಗಳ ಮದುವೆಗೆ ಇನ್ನೆರಡೇ ತಿಂಗಳು. ನನ್ನ ಮದುವೆಯಾದಾಗ ನನಗೆ ಇಪ್ಪತ್ತು ವರ್ಷ. “ಅವರು ಹೇಳಿದ ಹಾಗೆ ಕೇಳು” ಎಂದಿದ್ದು ಬಿಟ್ಟರೆ ಅಮ್ಮ ಬೇರೇನೂ ಹೇಳಿಕೊಡಲಿಲ್ಲ. ಮೊದಲ ವರ್ಷವೆಲ್ಲ ಹೆದರಿಕೆಯಲ್ಲೇ ಕಳೆಯಿತು. ಅಮ್ಮ ತೀರಿಕೊಂಡ ಮೇಲೆ ಅವರ ಟ್ರಂಕು ತೆಗೆದರೆ, ಸೀರೆಗಳ ಅಡಿಯಲ್ಲಿ ಡಾ. ಅನುಪಮಾ ನಿರಂಜನ ಅವರ ‘ವಧುವಿಗೆ ಕಿವಿಮಾತು’! ಪುಟದ ಮೂಲೆಗಳನ್ನು ಮಡಿಸಿಟ್ಟಿದ್ದರು. ಅಂದರೆ ಅಮ್ಮ ಓದಿದ್ದರು. ನನ್ನ ಕೈಗೆ ಕೊಡುವುದಕ್ಕೆ ಮಾತ್ರ ಅವರಿಗೆ ಧೈರ್ಯ ಬರಲಿಲ್ಲ. ನಾನೂ ಹಾಗೇ ಬಚ್ಚಿಡಬಾರದು ಎಂದು ಅವತ್ತೇ ಅಂದುಕೊಂಡಿದ್ದೆ.

ಮೆಜೆಸ್ಟಿಕ್‌ನಲ್ಲಿ ಮಗಳು ಕಾದಿದ್ದಳು. ಮೆಟ್ರೋ ಹತ್ತಿದರೆ ನಾಲ್ಕನೇ ಸ್ಟೇಷನ್ನೇ ಎಂ.ಜಿ. ರಸ್ತೆ. ರಸ್ತೆ ದಾಟಿ ಹಿಂದಿನ ಬೀದಿಗೆ ಹೋದರೆ ಚರ್ಚ್ ಸ್ಟ್ರೀಟ್. 2018ರಲ್ಲಿ ಈ ಬೀದಿಗೆಲ್ಲ ಕಲ್ಲು ಹಾಸಿ ಚೆಂದ ಮಾಡಿದ್ದಾರೆ. ಕಾಫಿಯ ಬೆಲೆಯೊಂದನ್ನು ಕೇಳಬೇಡಿ! ಅಲ್ಲಿರುವ ಬ್ಲಾಸಮ್ ಎಂಬ ಅಂಗಡಿಯನ್ನು ಮಾಡಿದವರು ನಮ್ಮವರೇ ಆದ ಮಾಯಿಗೌಡರು. ಇಂಜಿನಿಯರಿಂಗ್ ಓದಿದವರು, ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರುತ್ತಾ ಮೇಲೆ ಬಂದವರು. ಒಳಗೆ ನೆಲದಿಂದ ಸೂರಿನವರೆಗೆ ಪುಸ್ತಕವೋ ಪುಸ್ತಕ. ಹಳೇ ಕಾಗದದ ವಾಸನೆಗೆ ನನಗೆ ನಮ್ಮೂರ ಲೈಬ್ರರಿ ನೆನಪಾಯಿತು.

ಮಗಳು ನೇರ ಕಾಮಿಕ್ಸ್ ಕಡೆ ಹೋದಳು. ಅವಳಿಗೆ ಜಪಾನಿನ ಜುಂಜಿ ಇಟೊ ಎಂದರೆ ಪ್ರಾಣ. ಅವರ ‘ಉಜುಮಾಕಿ’ 1998ರಲ್ಲಿ ಶುರುವಾದ ಭಯದ ಕತೆಯಂತೆ. ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕು. ಒಂದು ಊರಿಗೆ ಊರೇ ಸುರುಳಿಯ ಹುಚ್ಚಿಗೆ ಬೀಳುತ್ತದೆ. ಹೊಗೆ, ಕೂದಲು, ಕೊನೆಗೆ ಮನುಷ್ಯರ ಮೈಯೂ ಸುರುಳಿ! ನಾಲ್ಕು ಪುಟ ನೋಡುವಷ್ಟರಲ್ಲಿ ಇನ್ನು ಚಕ್ಕುಲಿ ಒತ್ತುವುದು ಹೇಗಪ್ಪಾ ಅನ್ನಿಸಿತು. ಚಿತ್ರ ಬರೆಯುವ ಮೊದಲು ಈ ಮನುಷ್ಯ ಕಟ್ಟುಹಲ್ಲು ಮಾಡುವ ಕೆಲಸದಲ್ಲಿದ್ದರಂತೆ. ಅದಕ್ಕೇ ಬಾಯಿ, ಹಲ್ಲುಗಳನ್ನು ನೋಡಿದರೆ ಮೈ ಜುಮ್ಮೆನ್ನುತ್ತದೋ ಏನೋ.

ನನಗೆ ಕಣ್ಣಿಗೆ ಬಿದ್ದದ್ದು ರಾಬಿನ್ ಕುಕ್ ಬರೆದ ‘ಕೋಮಾ’, 1977ರದ್ದು. ಇವರು ಕಣ್ಣಿನ ಡಾಕ್ಟರು. ಬಾಸ್ಟನ್ನಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಚಿಕ್ಕಪುಟ್ಟ ಆಪರೇಷನ್ನಿಗೆ ಬಂದವರು ಎಚ್ಚರವಾಗುವುದೇ ಇಲ್ಲ. ಯಾಕೆ ಎಂದು ಕೇಳುವವಳು ವೈದ್ಯಕೀಯ ಓದುವ ಒಬ್ಬ ಹುಡುಗಿ. ದೊಡ್ಡವರೆಲ್ಲ ಅವಳ ಬಾಯಿ ಮುಚ್ಚಿಸಲು ನೋಡುತ್ತಾರೆ. ಮುಂದಿನದನ್ನು ನೀವೇ ಓದಿ. ನನಗೂ ಹೋದ ವರ್ಷ ಗರ್ಭಕೋಶದ ಆಪರೇಷನ್ ಆಯಿತು. ಏನು ತೆಗೀತೀರಿ, ಏನು ಉಳಿಸ್ತೀರಿ ಅಂತ ನಾನು ಕೇಳಿರಲೇ ಇಲ್ಲ. ನಮ್ಮವರು ರುಜು ಹಾಕಿದರು, ನಾನು ಮಲಗಿದೆ, ಅಷ್ಟೆ. ಆ ಪುಸ್ತಕ ಹಿಡಿದು ಎರಡು ನಿಮಿಷ ಹಾಗೇ ನಿಂತೆ.

ಬೇಕಾದ ಪುಸ್ತಕ ಇನ್ನೊಂದು ಕಪಾಟಿನಲ್ಲಿತ್ತು. ಎಮಿಲಿ ನಗೋಸ್ಕಿ ಎಂಬ ಅಮೆರಿಕದ ಶಿಕ್ಷಕಿ ಬರೆದ ‘ಕಮ್ ಆಸ್ ಯು ಆರ್’, 2015ರದ್ದು. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರು. ನಾನು ಕನ್ನಡಕ ಸರಿಮಾಡಿಕೊಳ್ಳುವ ನೆಪದಲ್ಲಿ ಎರಡು ಸಲ ಹಾದುಹೋದೆ, ಮೂರನೇ ಸಲ ತೆಗೆದೆ. ನನ್ನ ಸ್ಕೂಲು ಇಂಗ್ಲಿಷಿಗೆ ತಿಳಿದಷ್ಟು ಹೇಳುತ್ತೇನೆ. ಹೆಣ್ಣಿನ ಆಸೆಗೆ ಸ್ಕೂಟರಿನ ಹಾಗೆ ಆಕ್ಸಿಲರೇಟರೂ ಉಂಟು, ಬ್ರೇಕೂ ಉಂಟು. ಆಸೆ ಬರುತ್ತಿಲ್ಲವೆಂದರೆ ಅವಳಲ್ಲಿ ಏನೋ ಊನ ಎಂದಲ್ಲ. ಎಷ್ಟೋ ಸಲ ಚಿಂತೆ, ದಣಿವು, ನಾಚಿಕೆಗಳು ಬ್ರೇಕು ಒತ್ತಿ ಹಿಡಿದಿರುತ್ತವೆ. ಪಕ್ಕದ ಕೋಣೆಯಲ್ಲಿ ಅತ್ತೆಯವರ ಕೆಮ್ಮು, ಬೆಳಗಿನ ಇಡ್ಲಿ ಹಿಟ್ಟು ಉಬ್ಬೀತೋ ಇಲ್ಲವೋ ಅನ್ನುವ ಯೋಚನೆ... ಇಪ್ಪತ್ತೈದು ವರ್ಷ ತಪ್ಪೆಲ್ಲ ನನ್ನದೇ ಅಂದುಕೊಂಡಿದ್ದೆನಲ್ಲ!

‘ಕೋಮಾ’ವನ್ನು ಮೇಲಿಟ್ಟು, ಇದನ್ನು ಅಡಿಗಿಟ್ಟು ಕೌಂಟರಿಗೆ ಹೋದೆ. ಅಲ್ಲಿದ್ದ ಹುಡುಗ ತಲೆ ಎತ್ತದೆ ಬಿಲ್ಲು ಹಾಕಿದ. ಹೊರಗೆ ಬಂದು ಮಗಳ ಕೈಗೆ ಕೊಟ್ಟು, “ಪುಟ್ಟೀ, ಇದು ನಿನಗೆ. ಏನಾದರೂ ಕೇಳಬೇಕಿದ್ದರೆ ನನ್ನ ಹತ್ತಿರ ಕೇಳು” ಎಂದೆ. ಗಂಟಲು ಕಟ್ಟಿತ್ತು. ಅವಳು ಹೆಸರು ನೋಡಿ, ನನ್ನ ಮುಖ ನೋಡಿ, ಏನೂ ಮಾತಾಡದೆ ನನ್ನ ತೋಳು ಹಿಡಿದುಕೊಂಡಳು. ಆಮೇಲೆ ಜವಳಿಗೆ ಹೋದೆವು.

ರಾತ್ರಿ ರೈಲಿನಲ್ಲಿ ಗುಬ್ಬಿ ದಾಟಿದ ಮೇಲೆ ನೀರಿನ ಬಾಟಲಿಗೆಂದು ಚೀಲಕ್ಕೆ ಕೈ ಹಾಕಿದರೆ, ಸೀರೆಗಳ ನಡುವೆ ಅದೇ ಪುಸ್ತಕ! ಜೊತೆಗೊಂದು ಚೀಟಿ: “ಅಮ್ಮ, ನಾನು ಇದನ್ನು ಫೋನಿನಲ್ಲಿ ಓದಿ ಆಗಿದೆ. ಈಗ ನೀನು ಓದು. ಏನಾದರೂ ಕೇಳಬೇಕಿದ್ದರೆ ನನ್ನ ಹತ್ತಿರ ಕೇಳು.”

ಜವಳಿ ಅಂಗಡಿಯ ಕಾಗದದಿಂದ ರಟ್ಟು ಹಾಕಿಕೊಂಡು ಓದತೊಡಗಿದೆ. ಅಮ್ಮಸಂದ್ರ ಬರುವಷ್ಟರಲ್ಲಿ ನಾಲ್ಕು ಪುಟವಾಯಿತು. “ಏನು ಪುಸ್ತಕಾರೀ ಅದು?” ಎಂದರು ಎದುರು ಸೀಟಿನ ಅಜ್ಜಿ.

“ಅಡುಗೆ ಪುಸ್ತಕ” ಎಂದೆ.